15 ದಿನದ ನೋಟಿಸು, 26 ಗುಂಟೆ ಹಳ್ಳ: ವಲಯ ಬದಲಾವಣೆಗೆ ಬಂದ ಆಕ್ಷೇಪಣೆಗಳ ಒಂದು ಪ್ರಕರಣ

ಇದು ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದ ಪಕ್ಕದ ಹಳ್ಳಿಯ ಪ್ರಕರಣ. ಊರು, ಸರ್ವೆ ನಂಬರು, ಅರ್ಜಿದಾರರು, ಅಧಿಕಾರಿಗಳು ಯಾರೆಂದು ಇಲ್ಲಿ ಹೇಳಿಲ್ಲ. ಗುರುತು ಸಿಗಬಾರದೆಂದು ಕೆಲವು ಅಳತೆಗಳನ್ನು ತುಸು ಹಿಂದೆಮುಂದೆ ಮಾಡಿದೆ. ಲೆಕ್ಕ ಹಾಕುವ ಕ್ರಮ ಮಾತ್ರ ಇದ್ದಂತೆಯೇ ಇದೆ.

ಹಿನ್ನೆಲೆ

ಹಳ್ಳಿ ಪಟ್ಟಣದಿಂದ 3 ಕಿ.ಮೀ. ದೂರ. ಆಡಳಿತ ಗ್ರಾಮ ಪಂಚಾಯ್ತಿಯದು, ಆದರೆ ಜಮೀನು ಪಟ್ಟಣದ ಸ್ಥಳೀಯ ಯೋಜನಾ ಪ್ರದೇಶದೊಳಗೆ ಬರುತ್ತದೆ. ಪಟ್ಟಣದ ಮಹಾಯೋಜನೆ, ಅಂದರೆ ಯಾವ ನೆಲ ಯಾವ ಬಳಕೆಗೆ ಎಂದು ಬಣ್ಣದಲ್ಲಿ ತೋರಿಸುವ ನಕ್ಷೆ, ಪುರಸಭೆಯ ಗಡಿಗೇ ನಿಲ್ಲುತ್ತದೆ ಎಂದುಕೊಂಡವರು ಇಂಥ ಹಳ್ಳಿಗಳಲ್ಲಿ ಬಹಳ. ಸುತ್ತಲಿನ ಹತ್ತಾರು ಹಳ್ಳಿಗಳ ಶಿವಾರವೂ ಆ ನಕ್ಷೆಯಲ್ಲಿ ಸೇರಿರುತ್ತದೆ. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಕೃಷಿಗೆ ತಿಳಿಹಸಿರು. ಈ ಹಳ್ಳಿಯ ಎರಿ (ಕಪ್ಪು ಮಣ್ಣಿನ) ಹೊಲಗಳೆಲ್ಲ ತಿಳಿಹಸಿರಿನಲ್ಲಿದ್ದವು.

ಅಂಥದೊಂದು ಹೊಲ 9 ಎಕರೆ 12 ಗುಂಟೆ. ಅದನ್ನು ಕೃಷಿ ವಲಯದಿಂದ ಕೈಗಾರಿಕಾ ವಲಯಕ್ಕೆ ಬದಲಿಸಿ ಕೊಡಿ ಎಂದು ಹೊಸ ಮಾಲೀಕರು ಯೋಜನಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದ್ದರು. ಅರಿಷಿಣ ಪಾಲಿಶ್ ಘಟಕ ಮತ್ತು ಗೋದಾಮು ಕಟ್ಟುವುದು ಉದ್ದೇಶ ಎಂದು ಬರೆದಿದ್ದರು. ಉದ್ದೇಶದಲ್ಲಿ ಅಪಾಯವೇನೂ ಕಾಣುವುದಿಲ್ಲ. ಸುತ್ತಮುತ್ತ ಅರಿಷಿಣ ಬೆಳೆಯುವವರಿದ್ದಾರೆ, ಹತ್ತಿರದಲ್ಲೇ ಗೋದಾಮಾದರೆ ಅನುಕೂಲ ಎಂದವರು ಊರಲ್ಲೇ ಇದ್ದರು.

ಇಲ್ಲಿ ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಬೇಕು. ನಮ್ಮ ಭಾಗದಲ್ಲಿ ಎಲ್ಲದಕ್ಕೂ ‘ಎನ್‌ಎ ಮಾಡಸೋದು’ ಅನ್ನುವ ರೂಢಿ. ಎನ್‌ಎ ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಮಾಡುವುದು. 1964ರ ಭೂ ಕಂದಾಯ ಕಾಯ್ದೆಯ ಕಲಂ 95ರ ಪ್ರಕಾರ ಅದು ಜಿಲ್ಲಾಧಿಕಾರಿ ಕಚೇರಿಯ ಕೆಲಸ. ನಕ್ಷೆಯ ಬಣ್ಣ ಬದಲಿಸುವುದು ಬೇರೆ. ಅದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಕಲಂ 14-ಎ ಅಡಿ ಯೋಜನಾ ಪ್ರಾಧಿಕಾರದ ಮೂಲಕ, ಸರ್ಕಾರದ ಪೂರ್ವಾನುಮತಿ ಪಡೆದು ಆಗುವಂಥದ್ದು. ಜನ ಆಕ್ಷೇಪಣೆ ಹೇಳುವ ಅವಕಾಶ ಇರುವುದು ಈ ಎರಡನೆಯದರಲ್ಲಿ. ಬಣ್ಣ ಒಮ್ಮೆ ಬದಲಾಯಿತೆಂದರೆ ಎನ್‌ಎ ಹಂತದಲ್ಲಿ ‘ಮಹಾಯೋಜನೆಗೆ ಹೊಂದುತ್ತದೆ’ ಎಂಬ ಒಂದು ಸಾಲು ಸಾಕಾಗುತ್ತದೆ. ‘ಎನ್‌ಎ ಟೈಮಿಗೆ ನೋಡಿಕೊಂಡರಾಯಿತು’ ಎಂದು ಕೂತವರಿಗೆ ಆಮೇಲೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

14-ಎ ಬಣ್ಣ ಬದಲಿಸಲು ಮೂರು ಕಟ್ಟುಪಾಡು ಹಾಕುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು. ಈ ಕಾಯ್ದೆಯನ್ನಾಗಲಿ ಜಮೀನು ಬಳಕೆಯ ಇನ್ನಾವ ಕಾನೂನನ್ನಾಗಲಿ ಮೀರಬಾರದು. ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಮುಂದೆ ನಡೆದದ್ದೆಲ್ಲ ಈ ಮೂರರ ಸುತ್ತಲೇ. ಯಾವ ಮಾತು ಈ ಮೂರರಲ್ಲಿ ಒಂದಕ್ಕೆ ತಗುಲಿತೋ ಅದು ಕಡತದಲ್ಲಿ ಉಳಿಯಿತು, ಉಳಿದದ್ದು ಗಾಳಿಗೆ ಹೋಯಿತು.

ಕಳೆದುಹೋದ ಎಂಟು ದಿನ

ನೋಟಿಸು ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂತು. ಒಳಪುಟದಲ್ಲಿ, ಅಂಗೈಯಲ್ಲಿ ಅರ್ಧದಷ್ಟು ಜಾಗ. 15 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು ಎಂದಿತ್ತು. ಹಳ್ಳಿಯಲ್ಲಿ ಮರಾಠಿ ಪತ್ರಿಕೆ ಓದುವ ಮನೆಗಳೂ ಇದ್ದವು, ಯಾವುದನ್ನೂ ಓದದ ಮನೆಗಳೂ ಇದ್ದವು. ಸುದ್ದಿ ಊರಿಗೆ ಮುಟ್ಟಿದ್ದು ನಾಲ್ಕನೇ ದಿನ. ಬೇರೆ ಯಾರದೋ ಜಾಹೀರಾತು ಝೆರಾಕ್ಸ್ ಮಾಡಿಸಲು ಹೋದವರ ಕಣ್ಣಿಗೆ ತಮ್ಮೂರಿನ ಹೆಸರು ಬಿತ್ತು.

ನೋಟಿಸಿನಲ್ಲಿ ಇನ್ನೊಂದು ಕೊರತೆ ಇತ್ತು. ಪೋಡಿಯಾಗಿ, ಅಂದರೆ ಅಳತೆ ಮಾಡಿ ಬೇರ್ಪಡಿಸಿ, ಮೂರು ಹಿಸ್ಸೆಯಾದ (ತುಂಡಾದ) ಜಮೀನಿಗೆ ಮೂಲ ಸರ್ವೆ ನಂಬರು ಮಾತ್ರ ಹಾಕಿದ್ದರು, ಹಿಸ್ಸಾ ಸಂಖ್ಯೆ ಬಿಟ್ಟುಹೋಗಿತ್ತು. ಓದಿದವರಿಗೆ ಯಾವ ತುಂಡು ಎಂದೇ ತಿಳಿಯುವಂತಿರಲಿಲ್ಲ. ಇದು ದೊಡ್ಡ ಅಂಶ, ಆದರೆ ಊರವರು ಇದನ್ನು ಗಮನಿಸಿದ್ದು ಕೊನೆಯ ಎರಡು ದಿನದಲ್ಲಿ.

ಐದನೇ ದಿನದಿಂದ ಎಂಟನೇ ದಿನದವರೆಗೆ ಓಡಾಟ ಜೋರಾಗಿ ನಡೆಯಿತು, ಬಾಗಿಲು ಮಾತ್ರ ತಪ್ಪಾಗಿತ್ತು. ಮೊದಲು ತಹಶೀಲ್ದಾರರಿಗೆ ಮನವಿ ಕೊಟ್ಟರು. ಅಲ್ಲಿ ಮೊಹರು ಒತ್ತಿ ತೆಗೆದುಕೊಂಡರು, ಅದು ಯೋಜನಾ ಪ್ರಾಧಿಕಾರಕ್ಕೆ ಹೋಗಿ ಮುಟ್ಟುವ ಹೊತ್ತಿಗೆ ಗಡುವು ಮುಗಿದಿತ್ತು. ಆಮೇಲೆ ಪಂಚಾಯ್ತಿಯಿಂದ ಠರಾವು (ನಿರ್ಣಯ) ಮಾಡಿಸಲು ಹೋದರು. ಸಭೆ ಕರೆಯಲು ಮುಂಚಿತವಾಗಿ ನೋಟಿಸು ಕೊಡಬೇಕು, ಈ ವಾರ ಆಗುವುದಿಲ್ಲ ಎಂಬ ಉತ್ತರ ಬಂತು. ಒಬ್ಬರು ಮಾಹಿತಿ ಹಕ್ಕಿನಲ್ಲಿ ಕಡತದ ಪ್ರತಿ ಕೇಳಿ ಅರ್ಜಿ ಬರೆದರು. ಆ ಅರ್ಜಿಗೆ ಉತ್ತರಿಸಲು ಕಚೇರಿಗೆ 30 ದಿನ ಇದೆ, ಆಕ್ಷೇಪಣೆಗೆ ಇರುವುದು 15 ದಿನ. ಲೆಕ್ಕ ಅಲ್ಲಿಗೇ ಮುಗಿಯಿತು. ಮಾಹಿತಿ ಹಕ್ಕು ಈ ಹಂತದಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದರ ಉಪಯೋಗ ಗಡುವು ಮುಗಿದ ಮೇಲೆ. ಅದನ್ನು ಮುಂದೆ ನೋಡೋಣ.

ಈ ನಡುವೆ ಸಹಿ ಸಂಗ್ರಹವಾಯಿತು. ಒಂದೇ ಒಕ್ಕಣೆ, 214 ಸಹಿ. ‘ಸಹಿ ಇನ್ನೂರರ ಮ್ಯಾಲ ಅದಾವ, ಇನ್ನೇನ್ ಬೇಕ್ರಿ?’ ಎಂಬ ಧೈರ್ಯ ಊರಲ್ಲಿ ಮೂಡಿತು. ಒಕ್ಕಣೆಯಲ್ಲಿ ಇದ್ದದ್ದು ಇಷ್ಟು: ರೈತ ದೇಶದ ಬೆನ್ನೆಲುಬು, ಫಲವತ್ತಾದ ಭೂಮಿ ಹಾಳಾಗುತ್ತದೆ, ಧೂಳು ಬರುತ್ತದೆ, ಆದ್ದರಿಂದ ಕೈಬಿಡಬೇಕು. ಎಲ್ಲವೂ ನಿಜವೇ. ಆದರೆ ಇದಕ್ಕೆ ಕಚೇರಿಯ ಟಿಪ್ಪಣಿ ಹಾಳೆಯಲ್ಲಿ ‘ಆಕ್ಷೇಪಣೆ ಸಾಮಾನ್ಯ ಸ್ವರೂಪದ್ದು’ ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಂದೆ ಹೋಗಬಹುದು. ಕಡೆಗೆ ಹಾಗೇ ಬರೆದರು ಕೂಡ.

ಒಂಬತ್ತನೇ ದಿನ

ಪ್ರಕರಣದ ದಿಕ್ಕು ಬದಲಾದದ್ದು ಪಕ್ಕದ ಊರಿನ ಒಬ್ಬ ನಿವೃತ್ತ ಭೂಮಾಪಕರು ಕಾಗದಗಳನ್ನು ನೋಡಿದ ಮೇಲೆ. ಅವರು ಕೇಳಿದ ಮೊದಲ ಪ್ರಶ್ನೆ: ಉತಾರ ನೋಡೀರಿ, ಆಕಾರಬಂದ್ ನೋಡೀರೇನು?

ಉತಾರದಲ್ಲಿ, ಅಂದರೆ ಪಹಣಿಯಲ್ಲಿ, 9 ಎಕರೆ 12 ಗುಂಟೆ ಎಂದು ಒಟ್ಟು ವಿಸ್ತೀರ್ಣ ಇತ್ತು. ಖರಾಬಿನ ಕಲಮು (ಅಂಕಣ) ಖಾಲಿ. ಆಕಾರಬಂದ್, ಅಂದರೆ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ, ತೆಗೆಸಿದಾಗ ಅದೇ ಸರ್ವೆ ನಂಬರಿನಲ್ಲಿ 26 ಗುಂಟೆ ‘ಬ’ ಖರಾಬ್ ಕಂಡಿತು. ಇದರ ತೂಕ ತಿಳಿಯಲು ಖರಾಬಿನ ಎರಡು ಬಗೆ ಗೊತ್ತಿರಬೇಕು. ‘ಅ’ ಖರಾಬ್ ಅಂದರೆ ಸಾಗುವಳಿಗೆ ಬಾರದ ನೆಲ, ಕಲ್ಲು, ಗುಂಡಿ ಇತ್ಯಾದಿ. ‘ಬ’ ಖರಾಬ್ ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟದ್ದು: ಹಳ್ಳ, ದಾರಿ, ಸ್ಮಶಾನದಂಥವು. ಅದು ಹೊಲದ ನಡುವೆಯೇ ಇದ್ದರೂ ಖರೀದಿದಾರರ ಕೈಗೆ ಹೋಗುವ ನೆಲವಲ್ಲ. ಸರ್ವೆ ಟಿಪ್ಪಣಿ (ಅಳತೆಯ ಸ್ಕೆಚ್ಚು) ಮತ್ತು ಗ್ರಾಮ ನಕಾಶೆ ನೋಡಿದಾಗ ಆ 26 ಗುಂಟೆ ಹೊಲದ ದಕ್ಷಿಣ ಅಂಚಿನಲ್ಲಿ ಹರಿಯುವ ಹಳ್ಳ ಎಂದು ಖಾತ್ರಿಯಾಯಿತು. ಅರ್ಜಿಯ ಜೊತೆಗಿನ ಸ್ಕೆಚ್ಚಿನಲ್ಲಿ ಹಳ್ಳವನ್ನು ಹೊಲದ ಗಡಿಯಾಚೆ ಒಂದು ತೆಳು ಗೆರೆಯಾಗಿ ಎಳೆದಿದ್ದರು.

ಇಷ್ಟರಿಂದಲೇ ಆಕ್ಷೇಪಣೆಯ ಸ್ವರೂಪ ಬದಲಾಯಿತು. ‘ಹಳ್ಳಕ್ಕೆ ತೊಂದರೆ ಆಗುತ್ತದೆ’ ಎಂಬುದು ಅಭಿಪ್ರಾಯ. ‘ಅರ್ಜಿದಾರರು ತಮ್ಮದಲ್ಲದ 26 ಗುಂಟೆ ಸರ್ಕಾರಿ ಹಳ್ಳಕ್ಕೂ ಸೇರಿಸಿ ಬಣ್ಣ ಬದಲಿಸಿ ಎಂದಿದ್ದಾರೆ, ಆಕಾರಬಂದ್ ಪ್ರತಿ ಲಗತ್ತಿಸಿದೆ’ ಎಂಬುದಕ್ಕೆ ಕಚೇರಿ ಉತ್ತರ ಬರೆಯಲೇಬೇಕು.

ಎರಡನೇ ಪುರಾವೆ ಬಂದದ್ದು ಪ್ರವಾಹದಿಂದ. 2019ರ ಆಗಸ್ಟಿನ ಮಳೆಯಲ್ಲಿ ಬೆಳಗಾವಿ ಜಿಲ್ಲೆ ಹೇಗೆ ಮುಳುಗಿತ್ತೆಂದು ಎಲ್ಲರಿಗೂ ನೆನಪಿದೆ. ಈ ಹಳ್ಳವೂ ಉಕ್ಕಿ ಇಕ್ಕೆಲದ ಹೊಲಗಳಲ್ಲಿ ನೀರು ನಿಂತಿತ್ತು. ಊರವರ ಹತ್ತಿರ ಮೊಬೈಲ್ ಫೋಟೊಗಳಿದ್ದವು, ಆದರೆ ವಾಟ್ಸ್ಯಾಪಿನಲ್ಲಿ ಕೈಯಿಂದ ಕೈಗೆ ಹೋಗಿ ತಾರೀಖು, ಸ್ಥಳದ ವಿವರ ಅಳಿಸಿಹೋಗಿದ್ದವು. ಅಂಥ ಫೋಟೊವನ್ನು ಎಲ್ಲಿಯದೋ ಎಂದು ತಳ್ಳಿಹಾಕುವುದು ಸುಲಭ. ಆಗ ಒಬ್ಬರಿಗೆ ಬೆಳೆಹಾನಿ ಪರಿಹಾರದ ಪಟ್ಟಿ ನೆನಪಾಯಿತು. ಪರಿಹಾರ ಪಾವತಿಯ ಗ್ರಾಮವಾರು ಪಟ್ಟಿಯಲ್ಲಿ ಈಗ ಕೈಗಾರಿಕೆಗೆ ಕೇಳಿದ ಅದೇ ಸರ್ವೆ ನಂಬರು ಇತ್ತು, ಆಗಿನ ಮಾಲೀಕರಿಗೆ ಹಣವೂ ಸಂದಾಯವಾಗಿತ್ತು. ಈ ಹೊಲದ ಬೆಳೆ ನೆರೆಯಲ್ಲಿ ಹಾಳಾಯಿತು ಎಂದು ಸರ್ಕಾರವೇ ಒಪ್ಪಿ ದುಡ್ಡು ಕೊಟ್ಟ ದಾಖಲೆ ಅದು. ನೂರು ಫೋಟೊಗಿಂತ ಆ ಒಂದು ಸಾಲು ಭಾರವಾಯಿತು. ಲಗತ್ತಿಸುವಾಗ ಬೇರೆ ರೈತರ ಹೆಸರು, ಖಾತೆ ವಿವರ ಮುಚ್ಚಿ ಸಂಬಂಧಪಟ್ಟ ಸಾಲು ಮಾತ್ರ ಇಟ್ಟರು. ಅದು ಸರಿಯಾದ ನಡೆ. ಊರಿನೊಳಗೆ ಅನವಶ್ಯಕ ಜಗಳ ತಪ್ಪಿತು.

ಮೂರನೆಯದು ಕಾಯ್ದೆಯನ್ನೇ ಸಾವಕಾಶ ಓದಿದಾಗ ಸಿಕ್ಕಿದ್ದು, ನಮ್ಮ ಅಂದಾಜಿನಲ್ಲಿ ಇಡೀ ಪ್ರಕರಣದ ಅತಿ ಸೂಕ್ಷ್ಮ ಅಂಶ. ಕೃಷಿಯಿಂದ ಕೈಗಾರಿಕೆಗೆ ಹೋಗಲು ನೋಟಿಸು, ಆಕ್ಷೇಪಣೆ, ಸರ್ಕಾರದ ಒಪ್ಪಿಗೆ ಎಲ್ಲ ಬೇಕು. ಆದರೆ ಕೈಗಾರಿಕೆಯಿಂದ ವಸತಿಗೋ ವಾಣಿಜ್ಯಕ್ಕೋ ಹೋಗುವಾಗ ಅದೇ ಕಾಯ್ದೆ ಬಾಗಿಲು ಅಗಲ ತೆರೆದಿದೆ. ನಿಗದಿತ ಶುಲ್ಕ ಕಟ್ಟಿ, ಮೊದಲೇ ಪ್ರಾಧಿಕಾರಕ್ಕೆ ತಿಳಿಸಿದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಲಾಗುತ್ತದೆ. ಅಂದರೆ ಇವತ್ತು ಅರಿಷಿಣದ ಹೆಸರಲ್ಲಿ ನೇರಳೆಯಾದ ನೆಲ ನಾಳೆ ಇನ್ನೊಂದು ನೋಟಿಸಿಲ್ಲದೆ ಹಳದಿಯಾಗಿ ಪ್ಲಾಟುಗಳಾಗಬಹುದು. ಈ ಅರ್ಜಿದಾರರ ಮನಸ್ಸಿನಲ್ಲಿ ಅದಿತ್ತು ಎಂದು ಹೇಳಲು ಯಾವ ಆಧಾರವೂ ಇರಲಿಲ್ಲ. ಊರವರು ಹಾಗೆ ಆರೋಪಿಸಲೂ ಇಲ್ಲ. ‘ದಾರಿ ತೆರೆದಿದೆ, ಅದನ್ನು ಷರತ್ತು ಹಾಕಿ ಮುಚ್ಚಿ’ ಎಂದಷ್ಟೇ ಬರೆದರು. ಆರೋಪ ಮಾಡಿದ್ದರೆ ಉತ್ತರ ಕೊಡುವ ಹೊಣೆ ಅರ್ಜಿದಾರರಿಗೆ ಹೋಗುತ್ತಿತ್ತು. ಷರತ್ತು ಕೇಳಿದ್ದರಿಂದ ಹೊಣೆ ಪ್ರಾಧಿಕಾರದ ಮೇಲೆ ಬಿತ್ತು.

ಪತ್ರ ಬರೆದ ಬಗೆ

ಹದಿಮೂರನೇ ದಿನ ಒಂಬತ್ತು ಬೇರೆ ಬೇರೆ ಪತ್ರಗಳು ಸಿದ್ಧವಾದವು. 214 ಸಹಿಯ ಮನವಿ ಅದಕ್ಕೆ ಹೊರತಾಗಿ ಹೋಯಿತು. ಬಿಡಿ ಪತ್ರ ಏಕೆಂದರೆ, ಎಷ್ಟೇ ಸಹಿ ಇದ್ದರೂ ಒಂದು ಮನವಿಗೆ ಒಂದೇ ಆವಕ (ಸ್ವೀಕೃತಿ) ಸಂಖ್ಯೆ ಬೀಳುತ್ತದೆ, ಕಡತದಲ್ಲಿ ಅದು ಒಂದು ಆಕ್ಷೇಪಣೆ.

ಪ್ರತಿ ಪತ್ರವೂ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರ ಹೆಸರಿಗೆ. ಮೊದಲ ಪರಿಚ್ಛೇದದಲ್ಲಿ ನೋಟಿಸಿನ ತಾರೀಖು, ಪತ್ರಿಕೆ, ಸರ್ವೆ ನಂಬರು, ವಿಸ್ತೀರ್ಣ, ಯಾವ ವಲಯದಿಂದ ಯಾವುದಕ್ಕೆ. ಎರಡನೆಯದರಲ್ಲಿ ಬರೆದವರ ಸ್ವಂತ ಸರ್ವೆ ನಂಬರು, ಅದು ಪ್ರಸ್ತಾಪಿತ ಜಮೀನಿನಿಂದ ಎಷ್ಟು ದೂರ, ಹಳ್ಳದ ಮೇಲೋ ಕೆಳಗೋ. ಇದು ಸಣ್ಣದೆನಿಸಿದರೂ ಮುಖ್ಯ. ‘ಇವರಿಗೇನು ಸಂಬಂಧ’ ಎಂಬ ಪ್ರಶ್ನೆ ಅಲ್ಲೇ ಬಿದ್ದುಹೋಗುತ್ತದೆ. ಆಮೇಲೆ ಒಂದು ಪರಿಚ್ಛೇದಕ್ಕೆ ಒಂದೇ ಕಾರಣ, ಕೊನೆಯಲ್ಲಿ ‘ಲಗತ್ತು 3, ಪುಟ 7 ನೋಡಿ’ ಎಂಬಂತೆ ಗುರುತು. ಒಬ್ಬೊಬ್ಬರು ತಮಗೆ ನೇರವಾಗಿ ತಟ್ಟುವುದನ್ನೇ ಬರೆದರು. ಹಳ್ಳದ ಕೆಳಗಿನವರು ನೀರಿನ ಬಗ್ಗೆ, ಬದಿಯ ದಾರಿ ಬಳಸುವವರು ದಾರಿಯ ಬಗ್ಗೆ, ಹತ್ತಿರದ ಬಾವಿಯವರು ಬಾವಿಯ ಬಗ್ಗೆ. ಒಂಬತ್ತೂ ಒಂದೇ ನಮೂನೆಯಾಗಿದ್ದರೆ ಮತ್ತೆ ಸಾಮೂಹಿಕ ಮನವಿಯ ಗತಿಯೇ ಆಗುತ್ತಿತ್ತು.

ಕಡೆಯ ಪರಿಚ್ಛೇದದಲ್ಲಿ ಖುದ್ದು ವಿಚಾರಣೆ ಮತ್ತು ಸ್ಥಳ ತನಿಖೆ ಎರಡನ್ನೂ ಕೇಳಿದ್ದರು. 14-ಎ ಆಕ್ಷೇಪಣೆ ಕರೆಯಬೇಕು ಅನ್ನುತ್ತದೆ, ಎದುರಿಗೆ ಕೂರಿಸಿಕೊಂಡು ಕೇಳಬೇಕು ಅನ್ನುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳದಿದ್ದರೆ ಬಹುಮಟ್ಟಿಗೆ ಸಿಗುವುದಿಲ್ಲ.

ಊರಿನೊಳಗೆ ಬಿಸಿ ಏರಿದ್ದು ಪರ್ಯಾಯ ಕೋರಿಕೆಯ ವಿಷಯದಲ್ಲಿ. ‘ಪ್ರಸ್ತಾವ ತಿರಸ್ಕರಿಸಿ. ಒಂದು ವೇಳೆ ಮಂಜೂರು ಮಾಡುವುದಾದರೆ ಹಳ್ಳ ಬಿಟ್ಟು, ಉದ್ದೇಶಕ್ಕೆ ಷರತ್ತು ಹಾಕಿ ಮಾಡಿ’ ಎಂದು ಬರೆಯಬೇಕೇ ಬೇಡವೇ? ಹಾಗೆ ಬರೆದರೆ ಅರ್ಧ ಒಪ್ಪಿದಂತೆ ಎಂದು ಕೆಲವರು ಪಟ್ಟು ಹಿಡಿದರು. ರಸ್ತೆಗೆ ಹತ್ತಿದ ಹೊಲದ ಎಂಟು ಕುಟುಂಬಗಳಿಗೆ ಬಣ್ಣ ಬದಲಾದರೆ ಬೆಲೆ ಏರುತ್ತದೆಂಬ ಆಸೆಯೂ ಇತ್ತು. ಅದನ್ನು ಎಲ್ಲರೂ ಬಲ್ಲರು, ಯಾರೂ ಆಡಲಿಲ್ಲ. ಕಡೆಗೆ ಪರ್ಯಾಯ ಕೋರಿಕೆಯನ್ನು ಬೇರೆ ಹಾಳೆಯಲ್ಲಿ, ‘ಮೊದಲ ಕೋರಿಕೆಗೆ ಬಾಧೆ ಬಾರದಂತೆ’ ಎಂಬ ಸಾಲಿನೊಂದಿಗೆ ಲಗತ್ತಿಸಿದರು. ನಮ್ಮ ತೀರ್ಪು ಕೇಳಿದರೆ, ಇದನ್ನು ಬರೆಯದೇ ಇದ್ದಿದ್ದರೆ ಊರಿಗೆ ಸಿಕ್ಕಿದ್ದೂ ಸಿಗುತ್ತಿರಲಿಲ್ಲ.

ಸಲ್ಲಿಸುವಾಗ ಪ್ರತಿ ಪತ್ರಕ್ಕೂ ಬೇರೆ ಆವಕ ಸಂಖ್ಯೆ, ತಾರೀಖು, ಮೊಹರನ್ನು ಎರಡನೇ ಪ್ರತಿಯ ಮೇಲೆ ಹಾಕಿಸಿಕೊಂಡರು. ಎಲ್ಲ ಸೇರಿಸಿ ಒಂದೇ ನಂಬರು ಹಾಕುತ್ತೇವೆ ಎಂದಾಗ ಅರ್ಧ ತಾಸು ನಿಂತು ಒಂಬತ್ತು ಹಾಕಿಸಿದರು. ಅದೇ ದಿನ ಸ್ಪೀಡ್ ಪೋಸ್ಟಿನಲ್ಲೂ ಒಂದೊಂದು ಪ್ರತಿ ಹೋಯಿತು. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಯೋಜನಾ ನಿರ್ದೇಶನಾಲಯಕ್ಕೆ ಒಂದು, ನಗರಾಭಿವೃದ್ಧಿ ಇಲಾಖೆಗೆ ಒಂದು ಪ್ರತಿ. ಪ್ರಾಧಿಕಾರದ ಶಿಫಾರಸು ಮುಂದೆ ಅಲ್ಲಿಗೇ ಹೋಗಬೇಕು. ಕಡತ ಮುಟ್ಟುವ ಮುಂಚೆ ಆಕ್ಷೇಪಣೆ ಅಲ್ಲಿ ಇರಲಿ ಎಂಬುದು ಲೆಕ್ಕ.

ಟೇಪು ಹಿಡಿದ ಮಧ್ಯಾಹ್ನ

ಎರಡು ತಿಂಗಳ ಮೇಲೆ ಸ್ಥಳ ತನಿಖೆಗೆ ಬಂದರು. ಬಂದವರಿಗೆ ತಮ್ಮ ಕಷ್ಟ ಹೇಳಿಕೊಳ್ಳಲು ನಲವತ್ತು ಜನ ಕಾದಿದ್ದರು. ನಿವೃತ್ತ ಭೂಮಾಪಕರು ಹಿಂದಿನ ದಿನವೇ ಒಂದು ಸಲಹೆ ಕೊಟ್ಟಿದ್ದರು: ಮಾತಾಡುವುದು ಇಬ್ಬರೇ, ಕೈಯಲ್ಲಿ ಟೇಪು ಮತ್ತು ಆಕಾರಬಂದ್ ಪ್ರತಿ.

ಲೆಕ್ಕ ಹೀಗೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. 26 ಗುಂಟೆಗೆ 28,314 ಚದರ ಅಡಿ. ಈ ಸರ್ವೆ ನಂಬರಿನಲ್ಲಿ ಹಳ್ಳದ ಉದ್ದ ಸುಮಾರು 900 ಅಡಿ. ಭಾಗಿಸಿದರೆ ಹಳ್ಳದ ಸರಾಸರಿ ಅಗಲ 31 ಅಡಿಯ ಮೇಲೆ ಅರ್ಧ ಅಡಿ ಇರಬೇಕು. ಟೇಪು ಹಿಡಿದಾಗ ಒಂದು ಕಡೆ 12 ಅಡಿ, ಇನ್ನೊಂದು ಕಡೆ 11. ಮಣ್ಣಿನ ಒಡ್ಡು ಹಾಕಿ ಹಳ್ಳವನ್ನು ದಡಕ್ಕೆ ಒತ್ತಿದ್ದರು, ಒಡ್ಡಿನ ಒಳಗಡೆ ಹೋದ ವರ್ಷದ ಕಬ್ಬಿನ ಕೂಳೆ ಇನ್ನೂ ಇತ್ತು. ನಡುವೆ ಟ್ರ್ಯಾಕ್ಟರ್ ದಾಟಲು ಎರಡು ಅಡಿ ವ್ಯಾಸದ ಒಂದು ಸಿಮೆಂಟ್ ಪೈಪು ಹಾಕಿ ಮಣ್ಣು ಮುಚ್ಚಿದ್ದರು. ಅಷ್ಟು ದೊಡ್ಡ ಹಳ್ಳದ ಮಳೆನೀರು ಆ ಪೈಪಿನಲ್ಲಿ ತೂರಬೇಕಿತ್ತು.

ತನಿಖೆಗೆ ಬಂದವರು ಅರ್ಜಿದಾರರ ಸ್ಕೆಚ್ಚು ಬಿಚ್ಚಿ, ಆಕಾರಬಂದ್ ಪಕ್ಕದಲ್ಲಿಟ್ಟು, ಇನ್ನೊಮ್ಮೆ ಟೇಪು ಹಿಡಿಸಿದರು. ಅವತ್ತು ಬೇರೆ ವಾದವೇ ಬೇಕಾಗಲಿಲ್ಲ. ತನಿಖಾ ವರದಿಯಲ್ಲಿ ‘ಪ್ರಸ್ತಾವಿತ ವಿಸ್ತೀರ್ಣದಲ್ಲಿ ಬ-ಖರಾಬ್ ಸೇರಿರುವುದು ಕಂಡುಬಂದಿದೆ’ ಎಂಬ ಸಾಲು ಬಂತು. ಮುಂದಿನ ಎಲ್ಲ ಹಂತದಲ್ಲೂ ಆ ಸಾಲು ಕಡತದ ಜೊತೆ ಪ್ರಯಾಣ ಮಾಡಿತು. ಒಡ್ಡು ಹಾಕಿದವರು ಹೊಸ ಮಾಲೀಕರಲ್ಲ, ಹಿಂದಿನವರು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ನೀರಿಗೆ ಅದರಿಂದ ವ್ಯತ್ಯಾಸವಿಲ್ಲ.

ಕಡತದಲ್ಲಿ ಎಣಿಕೆ

ಗಡುವು ಮುಗಿದ ಮೇಲೆ ಮಾಹಿತಿ ಹಕ್ಕಿನ ಸರದಿ. ಈ ಸಲ ಅರ್ಜಿ ಸರಿಯಾಗಿತ್ತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ, 10 ರೂಪಾಯಿ ಶುಲ್ಕ. ಕೇಳಿದ್ದು ಟಿಪ್ಪಣಿ ಹಾಳೆ, ತನಿಖಾ ವರದಿ ಮತ್ತು ಆಕ್ಷೇಪಣೆಗಳ ಪಟ್ಟಿಯ ಪ್ರತಿ.

ಬಂದ ಟಿಪ್ಪಣಿ ಹಾಳೆಯಲ್ಲಿ ‘ಸ್ವೀಕೃತ ಆಕ್ಷೇಪಣೆ: 1, ನಿರಾಕ್ಷೇಪಣೆ: 31’ ಎಂದಿತ್ತು. ಅರ್ಜಿದಾರರ ಕಡೆಯಿಂದ 31 ಒಪ್ಪಿಗೆ ಪತ್ರ ಹೋಗಿದ್ದವು, ಒಂದೊಂದಕ್ಕೂ ಬೇರೆ ಸಂಖ್ಯೆ. ಊರವರ ಒಂಬತ್ತು ಪತ್ರಗಳನ್ನು ಸಾಮೂಹಿಕ ಮನವಿಯ ಕೆಳಗೆ ಹೊಲಿದು ಒಂದೇ ಎಂದು ಎಣಿಸಿದ್ದರು. ಬೇಕೆಂದೇ ಮಾಡಿದ್ದೋ, ಗುಮಾಸ್ತಿಕೆಯ ಅಭ್ಯಾಸವೋ, ಹೇಳಲಾಗದು. ಒಂಬತ್ತು ಆವಕ ಸಂಖ್ಯೆಯ ಮೊಹರಿನ ಪ್ರತಿ ಕೈಯಲ್ಲಿದ್ದುದರಿಂದ ಒಂದು ಪುಟದ ತಿದ್ದುಪಡಿ ಪತ್ರ ಸಾಕಾಯಿತು. ಅರ್ಧ ತಾಸು ನಿಂತದ್ದರ ಫಲ ಇದು. ಪ್ರಾಧಿಕಾರದ ಸಭೆಯ ಟಿಪ್ಪಣಿಯಲ್ಲಿ ಹತ್ತು ಆಕ್ಷೇಪಣೆಗಳೂ ಕಾರಣವಾರು ಬಂದವು, ಪ್ರತಿಯೊಂದರ ಎದುರು ಕಚೇರಿಯ ಅಭಿಪ್ರಾಯ.

ಏನಾಯಿತು

ನೋಟಿಸು ಬಂದ ಐದು ತಿಂಗಳಿಗೆ ಪ್ರಾಧಿಕಾರದ ಸಭೆ. 9 ಎಕರೆ 12 ಗುಂಟೆಯಲ್ಲಿ 26 ಗುಂಟೆ ಹಳ್ಳ ತೆಗೆದು ಉಳಿದದ್ದು 8 ಎಕರೆ 26 ಗುಂಟೆ. ಆ ಪಟ್ಟಣದ ವಲಯ ನಿಯಮಾವಳಿ ಪ್ರಕಾರ ಹಳ್ಳದ ಅಂಚಿನಿಂದ ಬಿಡಬೇಕಾದ 15 ಮೀಟರ್ ಪಟ್ಟಿ, 900 ಅಡಿ ಉದ್ದಕ್ಕೆ, ಹೆಚ್ಚುಕಡಿಮೆ ಒಂದು ಎಕರೆ. ಅದು ಕೃಷಿ ವಲಯದಲ್ಲೇ ಇರಲಿ ಎಂದಾಯಿತು. ಶಿಫಾರಸು ಹೋದದ್ದು 7 ಎಕರೆ 25 ಗುಂಟೆಗೆ. ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ಗೋದಾಮಿಗೆ ಮಾತ್ರ ಎಂಬ ಷರತ್ತು ಸೇರಿತು. ಹಿಸ್ಸಾ ಸಂಖ್ಯೆ ಬಿಟ್ಟದ್ದಕ್ಕೆ ತಿದ್ದುಪಡಿ ನೋಟಿಸು ಮತ್ತೊಮ್ಮೆ ಪ್ರಕಟವಾಯಿತು, ಮತ್ತೆ 15 ದಿನ. ಆ ಹೊತ್ತಿಗೆ ಊರು ಸಿದ್ಧವಾಗಿತ್ತು, ಎರಡೇ ದಿನದಲ್ಲಿ ಹಳೆಯ ಒಂಬತ್ತಕ್ಕೆ ಪಂಚಾಯ್ತಿ ಠರಾವೂ ಸೇರಿತು. ಸರ್ಕಾರದ ಹಂತದಲ್ಲಿ ಬ-ಖರಾಬಿನ ಬಗ್ಗೆ ಒಮ್ಮೆ ಸ್ಪಷ್ಟನೆ ಕೇಳಿ ಕಡತ ವಾಪಸು ಬಂತು. ಮೊದಲ ನೋಟಿಸಿನಿಂದ ಎಣಿಸಿ ಹದಿನಾಲ್ಕನೇ ತಿಂಗಳಲ್ಲಿ ಆದೇಶವಾಯಿತು, ಷರತ್ತು ಉಳಿಯಿತು.

ಸೋತದ್ದೂ ಇದೆ, ಎರಡು ಕಡೆ. ಫಲವತ್ತಾದ ಎರಿ ನೆಲ ಎಂಬ ವಾದ ಸಂಪೂರ್ಣ ಬಿದ್ದುಹೋಯಿತು. ಕಾರಣ ಉತಾರದಲ್ಲೇ ಇತ್ತು. ಆ ಹೊಲ ದಾಖಲೆಯಲ್ಲಿ ಖುಷ್ಕಿ (ಮಳೆಯಾಶ್ರಿತ), ಬೆಳೆ ಕಲಮಿನಲ್ಲಿ ಜೋಳ. ವಾಸ್ತವದಲ್ಲಿ ವರ್ಷಗಳಿಂದ ಬೋರಿನ ನೀರಿನಲ್ಲಿ ಕಬ್ಬು ನಿಂತಿತ್ತು. ಊರವರು ‘ಬಂಗಾರದಂಥ ನೆಲ’ ಎಂದು ಬರೆದರು, ಅರ್ಜಿದಾರರು ಖುಷ್ಕಿ ಎಂಬ ಉತಾರ ಇಟ್ಟರು. ಬೆಳೆ ಸಮೀಕ್ಷೆಯ ದಾಖಲೆ, ವಿದ್ಯುತ್ ಸಂಪರ್ಕದ ಕಾಗದ, ಕಾರ್ಖಾನೆಗೆ ಕಬ್ಬು ಹೋದ ಚೀಟಿ, ಇವನ್ನು ಹುಡುಕಿ ಹಚ್ಚಿದ್ದರೆ ಕನಿಷ್ಠ ವಾದಕ್ಕೆ ಕಾಲು ಇರುತ್ತಿತ್ತು. ತಮ್ಮ ತಮ್ಮ ಉತಾರದ ಬೆಳೆ ಕಲಮು ವರ್ಷವರ್ಷ ನೋಡಿ ತಿದ್ದಿಸಿಕೊಳ್ಳುವ ಕೆಲಸ ನೋಟಿಸು ಬಂದ ಮೇಲೆ ಆಗುವಂಥದ್ದಲ್ಲ.

ಎರಡನೆಯದು ಪೂರ್ವದ ಅಂಚಿನ ಗಾಡಿದಾರಿ. 14 ಮನೆಯವರು ಕಬ್ಬು ಸಾಗಿಸುವ ಹನ್ನೆರಡು ಅಡಿ ದಾರಿ ಗ್ರಾಮ ನಕಾಶೆಯಲ್ಲಿ ಇರಲಿಲ್ಲ. ಇದು ರೂಢಿಯ ದಾರಿ. ಪ್ರಾಧಿಕಾರ ಅದನ್ನು ಮುಟ್ಟಲಿಲ್ಲ, ದಾರಿಯ ಹಕ್ಕಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದಿತು. ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪೂ ಅಲ್ಲ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿ ಎಂದು ಸಾಬೀತು ಮಾಡುವ ಜಾಗ ನ್ಯಾಯಾಲಯವೇ. ಆದರೆ ಪರ್ಯಾಯ ಕೋರಿಕೆಯ ಹಾಳೆಯಲ್ಲಿ ‘ನಿವೇಶನ ನಕ್ಷೆಯಲ್ಲಿ ಪೂರ್ವಕ್ಕೆ ಹನ್ನೆರಡು ಅಡಿ ಬಿಡಿಸಿ’ ಎಂದು ಒಂದು ಸಾಲು ಸೇರಿಸಬಹುದಿತ್ತು. ದಾರಿ ತಮ್ಮದೇ ಎಂಬ ಹಠದಲ್ಲಿ ಅದನ್ನು ಬರೆಯಲಿಲ್ಲ. ಈಗ ದಾರಿ ಮಾಲೀಕರ ಸೌಜನ್ಯದ ಮೇಲೆ ನಡೆದಿದೆ.

ಷರತ್ತು ಎಷ್ಟು ದಿನ ಬಾಳುತ್ತದೆ ಎಂಬುದು ಬೇರೆ ಮಾತು. ಉದ್ದೇಶ ಮೀರಿ ಶುಲ್ಕ ಕಟ್ಟಿ ತಿಳಿವಳಿಕೆ ಪತ್ರ ಕೊಟ್ಟರೆ ಅದನ್ನು ಆದೇಶದ ಷರತ್ತು ತೋರಿಸಿ ತಡೆಯಲು ಆಧಾರವಿದೆ, ತಡೆಯುವವರು ಬೇಕು. ಅದಕ್ಕಾಗಿ ಆದೇಶದ ದೃಢೀಕೃತ ಪ್ರತಿಯನ್ನು ಪಂಚಾಯ್ತಿ ದಫ್ತರಿನಲ್ಲಿ ಇರಿಸಿದ್ದಾರೆ. ಪಂಚಾಯ್ತಿಗೆ ಕಟ್ಟಡದ ಯಾವ ಕಾಗದ ಬಂದರೂ ಅದರ ಜೊತೆ ಇಟ್ಟು ನೋಡಬೇಕೆಂದು ಠರಾವಿನಲ್ಲೇ ಬರೆಸಿದ್ದಾರೆ.

ಹಳ್ಳದ ಒತ್ತುವರಿ ತೆರವಿಗೆ ತಹಶೀಲ್ದಾರರಿಗೆ ಬೇರೆ ಅರ್ಜಿ ಹೋಯಿತು. ಈ ಸಲ ಬಾಗಿಲು ಸರಿಯಾಗಿತ್ತು. ಹದ್ದುಬಸ್ತು (ಗಡಿ ಗುರುತಿಸುವ) ಅಳತೆಯಾಗಿ ಎರಡೂ ದಡಕ್ಕೆ ಕಲ್ಲು ನೆಟ್ಟರು, ಒಡ್ಡಿನ ಮುಕ್ಕಾಲು ಭಾಗ ತೆಗೆದರು. ಟ್ರ್ಯಾಕ್ಟರ್ ದಾಟುವ ಆ ಎರಡು ಅಡಿ ಪೈಪು ಮಾತ್ರ ಇನ್ನೂ ಹಾಗೇ ಇದೆ. ಅದರ ಮೇಲೆ ಓಡಾಡುವವರು ಎರಡೂ ಪಕ್ಷದವರು.